ವಿಜ್ಞಾನಿ ಪರಿಚಯ: ಡಾ. ಶಾಂತಿ ಸ್ವರೂಪ ಭಟ್ನಾಗರ

ಶಾಂತಿ ಸ್ವರೂಪ ಭಟ್ನಾಗರ ಅವರು 1894ರ ಫೆಬ್ರವರಿ 21ರಂದು ಭೇರಾ ಎಂಬ ಊರಿನಲ್ಲಿ ಜನಿಸಿದರು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಎಂಟು ತಿಂಗಳ ಕೂಸಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತಂದೆ ಇಂಜಿನಿಯರ್. ಅವರೇ ಉತ್ತರ ಪ್ರದೇಶದ ಸಿಕಂದರಾಬಾದಿನಲ್ಲಿ ಮೊಮ್ಮಗನನ್ನು ಸಾಕಿದರು. (ನಮ್ಮ ಹೈದರಾಬಾದ್ ಬಾಜೂಕಿನ ಸಿಕಂದರಾಬಾದ್ ಬೇರೆ, ಇದು ಬೇರೆ.) ಲಾಹೋರಿನಲ್ಲಿ ಓದಿ, 1921ರಲ್ಲಿ ಲಂಡನ್ನಿನಲ್ಲಿ ಡಿ.ಎಸ್ಸಿ. ಪಡೆದು ಬಂದರು. ಮೊದಲು ಕಾಶಿಯಲ್ಲಿ, 1924ರಿಂದ ಲಾಹೋರಿನಲ್ಲಿ ಪ್ರಾಧ್ಯಾಪಕರಾಗಿದ್ದರು.

ಆಗ ರಾವಳಪಿಂಡಿ ಕಡೆ ಎಣ್ಣೆ ಬಾವಿ ಕೊರೆಯುವ ಕಂಪನಿಗೆ ಒಂದು ತ್ರಾಸು ಬಂತು. ಕೊರೆಯುವಾಗ ಹಾಕುವ ತೆಳು ಕೆಸರು, ನೆಲದೊಳಗಿನ ಉಪ್ಪುನೀರು ತಾಗಿದ ಕೂಡಲೇ ಗಟ್ಟಿಯಾಗುತ್ತಿತ್ತು. ಮಣ್ಣಿನ ಸಣ್ಣ ಕಣಗಳಿಗೆ ಋಣ ವಿದ್ಯುತ್ ಇರ್ತದೆ, ಅದಕ್ಕೇ ಅವು ಒಂದನ್ನೊಂದು ದೂಡ್ತಾವೆ. ಉಪ್ಪಿನ ಅಯಾನುಗಳು ಬಂದರೆ ಆ ಬಲ ಕಡಿಮೆಯಾಗಿ ಕಣಗಳು ಕೂಡಿಕೊಳ್ಳುತ್ತವೆ. ಭಟ್ನಾಗರ ಅವರು ಕೆಸರಿಗೆ ಗೋಂದು ಬೆರೆಸಿ ಈ ತ್ರಾಸು ಬಿಡಿಸಿದರು. ಕಂಪನಿಯವರು ಸಂಶೋಧನೆಗಾಗಿ 1,50,000 ರೂಪಾಯಿ ಕೊಟ್ಟರು. ಅದರಲ್ಲಿ ಒಂದು ಪೈಸೆಯನ್ನೂ ಅವರು ಸ್ವಂತಕ್ಕೆ ಇಟ್ಟುಕೊಳ್ಳಲಿಲ್ಲ, ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬವರು ಅಯಾನುಗಳನ್ನು ಅದಲುಬದಲು ಮಾಡುವ ಕೃತಕ ರಾಳ ತಯಾರಿಸಿದರು. ಲಾಹೋರಿನಲ್ಲಿ ಭಟ್ನಾಗರ ಮತ್ತು ಅವರ ಶಿಷ್ಯರೂ ಅದೇ ದಶಕದಲ್ಲಿ ಇಂಥ ರಾಳಗಳ ಮೇಲೆ ಪ್ರಯೋಗ ನಡೆಸಿದರು.

ಈ ರಾಳದಿಂದ ಏನು ಉಪಯೋಗ? ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆ ಎಷ್ಟೋ ಬೋರಿನ ನೀರು ಗಡಸು. ಬ್ಯಾಳಿ ಲಗೂ ಕುದಿಯಂಗಿಲ್ಲ, ಸಾಬೂನಿಗೆ ನೊರೆ ಬರಂಗಿಲ್ಲ, ಭಾಂಡೆ ಒಳಗೆ ಬಿಳಿ ಪದರು ಹತ್ತತದ. ಇದಕ್ಕೆ ಕಾರಣ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ. ರಾಳದ ಮಣಿಗಳು ಸಾಸಿವೆಗಿಂತ ಸಣ್ಣವು. ಅವು ಸೋಡಿಯಂ ಅಯಾನುಗಳನ್ನು ಹಿಡಿದುಕೊಂಡಿರುತ್ತವೆ. ಗಡಸು ನೀರು ಹಾಯ್ದಾಗ ಒಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದು ಎರಡು ಸೋಡಿಯಂ ಅಯಾನು ಬಿಡುತ್ತವೆ. ಎರಡು ರೂಪಾಯಿ ನಾಣ್ಯ ತಗೊಂಡು ಒಂದೊಂದರ ಎರಡು ಚಿಲ್ಲರೆ ಕೊಟ್ಟಂಗ! ಚಿಲ್ಲರೆ ತೀರಿದಾಗ ಗಟ್ಟಿ ಉಪ್ಪುನೀರಿನಿಂದ ತೊಳೆದರೆ ರಾಳ ಮತ್ತೆ ಕೆಲಸಕ್ಕೆ ಬರುತ್ತದೆ.

ಕಾರ್ಖಾನೆಗಳ ಬಾಯ್ಲರಿಗೆ ಹೀಗೆ ಮೆದು ಮಾಡಿದ ನೀರು ಬೇಕು. ಇಲ್ಲದಿದ್ದರೆ ಕೊಳವೆಗಳಲ್ಲಿ ಪದರು ಕಟ್ಟಿ ಉರುವಲು ಹೆಚ್ಚು ಬೇಕಾಗುತ್ತದೆ, ಕೊಳವೆ ಒಡೆಯಲೂಬಹುದು. ಎರಡು ತರಹದ ರಾಳ ಬಳಸಿದರೆ ನೀರಿನ ಲವಣಗಳೆಲ್ಲ ಹೋಗುತ್ತವೆ. ಹೆದ್ದಾರಿ ಬಾಜೂಕಿನ ಅಂಗಡಿಗಳಲ್ಲಿ ಲಾರಿ ಬ್ಯಾಟರಿಗೆ ಮಾರುವ ನೀರನ್ನು ಹೀಗೂ ತಯಾರಿಸುತ್ತಾರೆ. ಔಷಧಿ ತಯಾರಿಕೆಗೂ ಈ ರಾಳ ಬೇಕು.

1942ರಲ್ಲಿ ಸ್ಥಾಪನೆಯಾದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಗೆ ಭಟ್ನಾಗರರೇ ಮುಖ್ಯಸ್ಥರು. ಅವರ ಕಾಲದಲ್ಲಿ ದೇಶದ ತುಂಬ ಪ್ರಯೋಗಾಲಯಗಳು ಎದ್ದವು. ಮೈಸೂರಿನ ಆಹಾರ ಸಂಶೋಧನಾಲಯ (1950) ಅದರಲ್ಲೊಂದು. 1955ರ ಜನವರಿ 1ರಂದು ಅವರು ನಿಧನರಾದರು.

ಗೆಳೆಯರೇ, ತಂದೆಯಿಲ್ಲದೆ ಅಜ್ಜನ ಮನೆಯಲ್ಲಿ ಬೆಳೆದ ಹುಡುಗ ದೇಶಕ್ಕೆ ಇಷ್ಟು ಮಾಡಿದರು. ಬಂದ ಹಣವನ್ನು ತಾವು ತಿನ್ನದೆ, ಮುಂದಿನವರು ಕಲಿಯಲಿ ಎಂದು ಕೊಟ್ಟರು. ಅವರ ರಾಳದ ಪಾಠಕ್ಕಿಂತ ಇದೇ ದೊಡ್ಡ ಪಾಠ.