ಹ್ಯಾರಿ ಮಾರ್ಷಲ್ ವಾರ್ಡ್

ನಮ್ಮೂರು ಆಲ್ದೂರು. ಅಲ್ಲಿ ಮಳೆಯ ಮಾತು ಬಂದರೆ ತುಕ್ಕುರೋಗದ ಮಾತೂ ಬರುತ್ತದೆ. ರೋಗ ಬಿದ್ದ ಕಾಫಿ ಎಲೆಯನ್ನು ಮಗುಚಿದರೆ ಕಿತ್ತಳೆ ಬಣ್ಣದ ಹುಡಿ ಬೆರಳಿಗೆ ಅಂಟುತ್ತದೆ. ಒಂದು ವರ್ಷ ನಮ್ಮ ಮನೆಯವರು ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಸುವುದನ್ನು ತಡಮಾಡಿದರು. ಮಳೆ ಹೊಳವಾಗುವ ಹೊತ್ತಿಗೆ ಅರೇಬಿಕಾ ಗಿಡಗಳು ಬರಿಯ ಕಡ್ಡಿಗಳಾಗಿ ನಿಂತಿದ್ದುವು. ಮರುವರ್ಷದ ಫಸಲೂ ಕೈಬಿಟ್ಟಿತು. ಈ ಹುಡಿ ಎಲ್ಲಿಂದ ಬರುತ್ತದೆ, ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಅದಕ್ಕೆ ಪ್ರಯೋಗದಿಂದ ಉತ್ತರ ಹುಡುಕಿದ ಮಹನೀಯರ ಜೀವನವನ್ನು ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡಬಯಸುತ್ತೇನೆ.

ವಾರ್ಡ್ ಅವರು 1854ರಲ್ಲಿ ಇಂಗ್ಲೆಂಡಿನ ಹೆರೆಫರ್ಡಿನಲ್ಲಿ ಜನಿಸಿದರು. ತಂದೆ ಸಂಗೀತಗಾರರು. ಹಕ್ಸ್ಲಿಯವರ ಪಾಠಗಳನ್ನು ಕೇಳಿ, ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ತರುಣನಿಗೆ 1880ರಲ್ಲಿ ಸಿಂಹಳದಿಂದ ಕರೆ ಬಂದಿತು. ಅಲ್ಲಿ 1869ರಲ್ಲಿ ಕಾಣಿಸಿಕೊಂಡ ತುಕ್ಕು ಕಾಫಿ ತೋಟಗಳನ್ನು ನುಂಗುತ್ತಿತ್ತು. ಒಂದೆರಡು ವರ್ಷಗಳಲ್ಲೇ ಅದು ದಕ್ಷಿಣ ಭಾರತಕ್ಕೂ ಕಾಲಿಟ್ಟಿತ್ತು. ಹವೆ ಕೆಟ್ಟಿತೆಂದು ಕೆಲವರು, ಮಣ್ಣಿನ ಸಾರ ಹೋಯಿತೆಂದು ಕೆಲವರು ಹೇಳುತ್ತಿದ್ದ ಕಾಲವದು.

ವಾರ್ಡ್ ಅವರು ಊಹೆಗೆ ಹೋಗಲಿಲ್ಲ. ಗಾಜಿನ ಪಟ್ಟಿಗಳಿಗೆ ಗ್ಲಿಸರಿನ್ ಸವರಿ ತೋಟಗಳಲ್ಲಿ ಇಟ್ಟರು. ಗಾಳಿಯಲ್ಲಿ ತೇಲಿಬಂದ ಬೀಜಕಣಗಳು ಅವುಗಳ ಮೇಲೆ ಸಿಕ್ಕಿಬಿದ್ದುವು. ಎಲೆಯ ಮೇಲೆ ನೀರಿನ ಹನಿಯಿದ್ದರೆ ಮಾತ್ರ ಕಣ ಮೊಳೆಯುತ್ತದೆ, ಎಲೆಯ ಅಡಿಭಾಗದ ಸೂಕ್ಷ್ಮ ರಂಧ್ರಗಳ ಮೂಲಕ ಒಳಹೊಗುತ್ತದೆ ಎಂದು ತೋರಿಸಿದರು. ಬೆಟ್ಟದ ಮೇಲೆ ಬೆಟ್ಟ ಒಂದೇ ಬೆಳೆ ಹಬ್ಬಿದ್ದರಿಂದ ರೋಗಕ್ಕೆ ಎಲ್ಲೂ ತಡೆಯಿರಲಿಲ್ಲ. ಗಾಳಿಗೆ ಅಡ್ಡವಾಗಿ ಮರಗಳ ಸಾಲು ಬೇಕೆಂಬುದು ಅವರ ಸಲಹೆಗಳಲ್ಲೊಂದು.

ಆದರೆ ಸಿಂಹಳದ ಕಾಫಿ ಉಳಿಯಲಿಲ್ಲ. ಬೆಳೆಗಾರರು ಬಯಸಿದ್ದು ಮದ್ದನ್ನು; ಅವರ ಕೈಯಲ್ಲಿದ್ದದ್ದು ಕಾರಣ ಮಾತ್ರ. 1882ರಲ್ಲಿ ಅವರು ಹಿಂತಿರುಗಿದರು. ಕಾಫಿಯಿದ್ದ ಬೆಟ್ಟಗಳಲ್ಲಿ ಚಹಾ ಬೆಳೆಯಿತು.

ಮುಂದೆ ಮ್ಯಾಂಚೆಸ್ಟರಿನಲ್ಲಿ ಕೆಲಸ ಮಾಡಿ, 1885ರಿಂದ ಕೂಪರ್ಸ್ ಹಿಲ್‌ನಲ್ಲಿ ಭಾರತದ ಅರಣ್ಯ ಸೇವೆಗೆ ಬರುವವರಿಗೆ ಪಾಠ ಹೇಳಿದರು. 1888ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1895ರಲ್ಲಿ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಕೊನೆಯ ವರ್ಷಗಳಲ್ಲಿ ಹುಲ್ಲುಗಳ ತುಕ್ಕನ್ನು ಹಿಡಿದು, ಯಾವ ತುಕ್ಕು ಯಾವ ಹುಲ್ಲಿಗೆ ತಗಲುತ್ತದೆಂದು ಪರೀಕ್ಷಿಸಿದರು. 1906ರಲ್ಲಿ, 52ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ವಾರ್ಡ್ ಅವರು ಭವಿಷ್ಯ ನುಡಿದವರಲ್ಲ. ಆದರೆ ಲೆಕ್ಕದ ದಾರಿ ಅವರ ಕೆಲಸದಲ್ಲೇ ಇದೆ. ಆಶ್ರಯ ಕೊಡುವ ಗಿಡ, ನೆನೆದ ಎಲೆ, ತಕ್ಕ ಹವೆ, ಕಣವನ್ನು ಹೊತ್ತೊಯ್ಯುವ ಗಾಳಿ ಅಥವಾ ಮನುಷ್ಯನ ಕೈ: ಇವೆಲ್ಲ ಕೂಡುವ ಊರು ಯಾವುದೋ ಅಲ್ಲಿಗೆ ಪಿಡುಗು ಬರಬಹುದು. ಹೊಸ ಕಳೆ, ಹೊಸ ಕೀಟ ಎಲ್ಲಿ ನೆಲೆಯೂರೀತೆಂದು ಇಂದು ನಕ್ಷೆ ಬರೆಯುವವರೂ ಕೇಳುವುದು ಇಂಥ ಪ್ರಶ್ನೆಗಳನ್ನೇ. ಕಾಫಿಯ ತುಕ್ಕು 1970ರಲ್ಲಿ ಬ್ರೆಜಿಲ್ಲಿನಲ್ಲಿ, 2020ರಲ್ಲಿ ಹವಾಯಿಯಲ್ಲಿ ಕಾಣಿಸಿಕೊಂಡಿತು.

ಈ ಲೆಕ್ಕಕ್ಕೆ ಇನ್ನೊಂದು ಅಂಶವನ್ನು ಸೇರಿಸಿದ್ದು ನಮ್ಮ ಸೀಮೆ. ನಮ್ಮೂರ ರಸ್ತೆಯಲ್ಲೇ ಮುಂದೆ ಸಿಗುವ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕೋಲ್ಮನ್ನರ ಪ್ರಯತ್ನದಿಂದ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ತುಕ್ಕನ್ನು ತಡೆಯುತ್ತದೆಂದು ನಂಬಿದ್ದ ಕೆಂಟ್ಸ್ ತಳಿ ಕ್ರಮೇಣ ಸೋತಿತ್ತು. ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆಯೆಂದು 1932ರಲ್ಲಿ ಮೇಯ್ನ್ ಅವರು ತೋರಿಸಿದರು. ಪಿಡುಗು ಊರನ್ನಷ್ಟೇ ಅಲ್ಲ, ಸ್ವಭಾವವನ್ನೂ ಬದಲಿಸುತ್ತದೆ.

ನಮ್ಮ ಮನೆಯವರು ಈಗ ತೋಟದ ಅರ್ಧಕ್ಕೆ ರೊಬಸ್ಟಾ ಹಾಕಿದ್ದಾರೆ. ಉಳಿದ ಅರ್ಧಕ್ಕೆ ಮರಗಸಿ, ಬೋರ್ಡೋ ಎರಡೂ ಹೊತ್ತಿಗೆ ಸರಿಯಾಗಿ ನಡೆಯುತ್ತವೆ. ರಜೆಗೆ ಊರಿಗೆ ಹೋದಾಗ ನಾನೂ ಸಾಲು ಸಾಲಾಗಿ ಎಲೆ ಮಗುಚಿ ನೋಡುತ್ತೇನೆ. ಸಿಂಹಳದಲ್ಲಿ ಸೋತು ಮರಳಿದವರೆಂದು ವಾರ್ಡ್ ಅವರನ್ನು ಎಣಿಸುವುದು ನನ್ನಿಂದಾಗದು.