ಹಾರ್ಮೋನುಗಳ ಗುಟ್ಟು ಅರಿತ ವೈದ್ಯ: ಸುಭಾಷ್ ಮುಖೋಪಾಧ್ಯಾಯ

ಮಕ್ಕಳೇ, ನೀವು ಬೆಂಗಳೂರಿನಿಂದ ಹೊಸೂರು ಕಡೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಸಿಗುತ್ತದೆ. ಆ ಹೆಸರು ಕೇಳಿದೊಡನೆ ಕಂಪ್ಯೂಟರ್ ಕಂಪನಿಗಳು ನೆನಪಾಗುತ್ತವೆ. ಆದರೆ ಅದರ ಪಕ್ಕದ ಹೆಬ್ಬಗೋಡಿಯಲ್ಲಿ ಬಯೋಕಾನ್ ಎಂಬ ಔಷಧ ತಯಾರಿಸುವ ಕಂಪನಿಯೂ ಇದೆ. ಈ ಕಂಪನಿ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಸಹಾಯದಿಂದ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಸಕ್ಕರೆ ಕಾಯಿಲೆ ಇರುವ ಅನೇಕರು ದಿನವೂ ಚುಚ್ಚಿಕೊಳ್ಳುವ ಔಷಧ ಇದೇ.

ಇನ್ಸುಲಿನ್ ಒಂದು ಹಾರ್ಮೋನು. ಹಾರ್ಮೋನು ಎಂದರೆ ನಮ್ಮ ದೇಹದ ಅಂಚೆಯಣ್ಣ ಇದ್ದಂತೆ. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಸಾಗಿ, ದೂರದ ಇನ್ನೊಂದು ಅಂಗಕ್ಕೆ ಏನು ಮಾಡಬೇಕೆಂದು ತಿಳಿಸುತ್ತದೆ. ಕೆಲವು ಹಾರ್ಮೋನುಗಳು ಮಣಿಸರದಂತಿರುತ್ತವೆ. ಇವುಗಳಲ್ಲಿ ಮಣಿಗಳ ಬದಲು ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ಇವೇ ಪೆಪ್ಟೈಡ್ ಹಾರ್ಮೋನುಗಳು. ಇನ್ಸುಲಿನ್‌ನಲ್ಲಿ ಇಂತಹ 51 ಮಣಿಗಳಿವೆ.

ಇದೇ ಗುಂಪಿಗೆ ಸೇರಿದ ಇನ್ನು ಕೆಲವು ಹಾರ್ಮೋನುಗಳು ಇಲ್ಲದಿದ್ದರೆ ನೀವೂ ಹುಟ್ಟುತ್ತಿರಲಿಲ್ಲ, ನಾವೂ ಹುಟ್ಟುತ್ತಿರಲಿಲ್ಲ! ಅವುಗಳನ್ನು ಚೆನ್ನಾಗಿ ಅರಿತು, ಮಕ್ಕಳಿಲ್ಲದ ದಂಪತಿಗೆ ನೆರವಾದ ಭಾರತದ ಒಬ್ಬ ವೈದ್ಯರ ಕತೆ ಇಲ್ಲಿದೆ.

ಕಲಿಕೆಯ ದಿನಗಳು

ಸುಭಾಷ್ ಮುಖೋಪಾಧ್ಯಾಯ ಅವರು 1931ರ ಜನವರಿ 16ರಂದು ಹಜಾರಿಬಾಗ್‌ನಲ್ಲಿ ಜನಿಸಿದರು. ಈ ಊರು ಈಗ ಜಾರ್ಖಂಡ್ ರಾಜ್ಯದಲ್ಲಿದೆ. ಕೋಲ್ಕತ್ತದಲ್ಲಿ ವೈದ್ಯಕೀಯ ಓದಿ 1955ರಲ್ಲಿ ಪದವಿ ಪಡೆದರು. ಜೀವಿಗಳಲ್ಲಿ ಸಂತಾನ ಹೇಗೆ ಆಗುತ್ತದೆ ಎಂಬುದೇ ಅವರ ಆಸಕ್ತಿಯ ವಿಷಯ. ಅದರಲ್ಲಿ ಸಂಶೋಧನೆ ಮಾಡಿ ಒಂದಲ್ಲ, ಎರಡು ಡಾಕ್ಟರೇಟ್ ಪದವಿ ಪಡೆದರು. ಮೊದಲನೆಯದು ಕೋಲ್ಕತ್ತದಲ್ಲಿ, ಎರಡನೆಯದು 1967ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಆಮೇಲೆ ತಾಯ್ನಾಡಿಗೆ ಮರಳಿ ಕೋಲ್ಕತ್ತದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು.

ಹಾರ್ಮೋನಿನ ಕೆಲಸ

ನಮ್ಮ ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅಲ್ಲಿಂದ ಹೊರಡುವ ಎರಡು ಹಾರ್ಮೋನುಗಳು ತಾಯಿಯ ಅಂಡಾಶಯವನ್ನು ತಲುಪುತ್ತವೆ. ಅಂಡಾಣು ಬೆಳೆಯಲಿ ಎಂದು ಒಂದು ತಿಳಿಸುತ್ತದೆ. ಬಲಿತ ಅಂಡಾಣು ಹೊರಬರಲಿ ಎಂದು ಇನ್ನೊಂದು ತಿಳಿಸುತ್ತದೆ. ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣು ಹೀಗೆ ಬಲಿಯುತ್ತದೆ. ಅದು ತಂದೆಯ ವೀರ್ಯಾಣುವಿನೊಡನೆ ಸೇರಿದಾಗ ಭ್ರೂಣವಾಗುತ್ತದೆ.

ಕೆಲವು ತಾಯಂದಿರಲ್ಲಿ ಅಂಡಾಣು ಸಾಗಬೇಕಾದ ನಾಳವೇ ಮುಚ್ಚಿಹೋಗಿರುತ್ತದೆ. ಅಂಥವರಿಗಾಗಿ ಅಂಡಾಣುವನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ವೀರ್ಯಾಣುವಿನೊಡನೆ ಸೇರಿಸಿ, ಭ್ರೂಣವನ್ನು ಮತ್ತೆ ಗರ್ಭಕೋಶಕ್ಕೆ ಸೇರಿಸಬಹುದೇ? 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಾಗ ಇದು ಸಾಧ್ಯವೆಂದು ತಿಳಿಯಿತು. ಅಲ್ಲಿನ ವಿಜ್ಞಾನಿಗಳು ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ಬಳಸಿದ್ದರು.

ಕೋಲ್ಕತ್ತದಲ್ಲಿ ಮುಖೋಪಾಧ್ಯಾಯರು ಹಿಡಿದ ದಾರಿ ಬೇರೆ. ಅವರು ತಾಯಿಗೆ ಈ ಹಾರ್ಮೋನುಗಳನ್ನೇ ಚುಚ್ಚುಮದ್ದಾಗಿ ಕೊಟ್ಟರು. ಇದರಿಂದ ಒಂದೇ ಬಾರಿಗೆ ಹಲವು ಅಂಡಾಣುಗಳು ಬಲಿಯುತ್ತವೆ. ಆದರೆ ಒಂದು ತೊಡಕಿತ್ತು. ಹಾರ್ಮೋನು ಕೊಟ್ಟ ತಿಂಗಳಲ್ಲಿ ಗರ್ಭಕೋಶ ಭ್ರೂಣವನ್ನು ಬರಮಾಡಿಕೊಳ್ಳಲು ಸರಿಯಾಗಿ ಸಿದ್ಧವಾಗಿರದೆ ಇರಬಹುದು. ಅದಕ್ಕಾಗಿ ಅವರು ಭ್ರೂಣವನ್ನು ಅತಿ ತಣ್ಣನೆಯ ದ್ರವ ನೈಟ್ರೋಜನ್‌ನಲ್ಲಿ 53 ದಿನ ಕಾಪಾಡಿ, ಆಮೇಲೆ ತಾಯಿಯ ಗರ್ಭಕ್ಕೆ ಸೇರಿಸಿದರು. ಸುನೀತ್ ಮುಖರ್ಜಿ ಮತ್ತು ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ ಅವರ ಜೊತೆಗಿದ್ದರು.

ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆ ತಾನೂ ಒಂದು ಹಾರ್ಮೋನನ್ನು ಕಳಿಸತೊಡಗುತ್ತದೆ! 237 ಮಣಿಗಳ ಈ ಹಾರ್ಮೋನು, ಗರ್ಭಕೋಶದ ಒಳಪದರವನ್ನು ಉಳಿಸಿಕೊಳ್ಳುವಂತೆ ತಾಯಿಯ ದೇಹಕ್ಕೆ ತಿಳಿಸುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಬಳಿ ಇರುವ ಗರ್ಭ ಪರೀಕ್ಷೆಯ ಪಟ್ಟಿ ಮೂತ್ರದಲ್ಲಿ ಹುಡುಕುವುದು ಇದನ್ನೇ.

1978ರ ಅಕ್ಟೋಬರ್ 3ರಂದು ಒಂದು ಹೆಣ್ಣು ಮಗು ಹುಟ್ಟಿತು. ದುರ್ಗಾಪೂಜೆಯ ಕಾಲವಾದ್ದರಿಂದ ಅವಳನ್ನು ದುರ್ಗಾ ಎಂದು ಕರೆದರು.

ಯಾರೂ ನಂಬಲಿಲ್ಲ

ಮುಂದೆ ನಡೆದದ್ದು ಬೇಸರದ ಸಂಗತಿ. ಮಗುವಿನ ಮನೆಯವರು ಜನರ ಮಾತಿಗೆ ಅಂಜಿ ಮುಂದೆ ಬರಲಿಲ್ಲ. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಮುಖೋಪಾಧ್ಯಾಯರ ಮಾತನ್ನು ಒಪ್ಪಲಿಲ್ಲ. ಜಪಾನಿನಿಂದ ಬಂದ ಆಹ್ವಾನಕ್ಕೆ ಹೋಗಲು ಅನುಮತಿ ಸಿಗಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಲಾಯಿತು. ಹಾರ್ಮೋನುಗಳ ವಿಜ್ಞಾನಿಗೆ ಅಲ್ಲಿ ಏನು ಕೆಲಸ? ಬಹಳ ನೊಂದಿದ್ದ ಅವರು ಅದೇ ವರ್ಷ ತೀರಿಕೊಂಡರು. ಆಗ ಅವರಿಗೆ ಕೇವಲ 50 ವರ್ಷ.

ಸತ್ಯ ಹೊರಬಂದ ಬಗೆ

1986ರ ಆಗಸ್ಟ್ 6ರಂದು ಮುಂಬೈನಲ್ಲಿ ಒಂದು ಪ್ರನಾಳ ಶಿಶು ಹುಟ್ಟಿತು. ಅದೇ ಭಾರತದ ಮೊದಲನೆಯದೆಂದು ಎಲ್ಲರೂ ತಿಳಿದರು. ಈ ಕೆಲಸ ಮಾಡಿದ ತಂಡದ ವಿಜ್ಞಾನಿ ಡಾ. ಟಿ. ಸಿ. ಆನಂದ ಕುಮಾರ್. ಅವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಮಕ್ಕಳಿಲ್ಲದವರಿಗಾಗಿ ಚಿಕಿತ್ಸಾಲಯ ನಡೆಸಿದರು.

1997ರಲ್ಲಿ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಆನಂದ ಕುಮಾರ್ ಅವರ ಕೈ ಸೇರಿದವು. ಅವರು ಪ್ರತಿ ಪುಟವನ್ನೂ ಪರಿಶೀಲಿಸಿದರು. ಕೊಟ್ಟ ಹಾರ್ಮೋನು, ಮಾಡಿದ ಕ್ರಮ ಎಲ್ಲವೂ ಅದರಲ್ಲಿ ದಾಖಲಾಗಿತ್ತು. ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಆನಂದ ಕುಮಾರ್ ಲೇಖನ ಬರೆದು, ಭಾರತದ ಮೊದಲ ಪ್ರನಾಳ ಶಿಶುವಿನ ಗೌರವ ತಮಗಲ್ಲ, ಮುಖೋಪಾಧ್ಯಾಯರಿಗೆ ಸಲ್ಲಬೇಕು ಎಂದು ತಿಳಿಸಿದರು. ಮೊದಲಿಗನೆಂಬ ಪಟ್ಟವನ್ನು ತಾವಾಗಿಯೇ ಬಿಟ್ಟುಕೊಟ್ಟರು! 2003ರಲ್ಲಿ 25 ವರ್ಷ ತುಂಬಿದಾಗ ದುರ್ಗಾ ಸಹ ಜನರ ಮುಂದೆ ಬಂದು ತಾನು ಯಾರೆಂದು ಹೇಳಿದಳು.

ಹಾರ್ಮೋನು ಕೊಟ್ಟು ಹಲವು ಅಂಡಾಣು ಪಡೆಯುವುದು, ಭ್ರೂಣವನ್ನು ತಣ್ಣಗೆ ಕಾಪಾಡುವುದು ಇವೆರಡೂ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅಂದು ಯಾರೂ ನಂಬದಿದ್ದರೂ ಮುಖೋಪಾಧ್ಯಾಯರ ಟಿಪ್ಪಣಿಗಳು ಉಳಿದಿದ್ದವು. ಆದ್ದರಿಂದ ಮಕ್ಕಳೇ, ಪ್ರಯೋಗ ಮಾಡಿದಾಗ ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆದಿಡಿ. ಗೆಳೆಯರು ನಿಮಗಿಂತ ಮೊದಲೇ ಉತ್ತರ ಕಂಡುಹಿಡಿದಿದ್ದರೆ ಅದನ್ನು ಸಂತೋಷದಿಂದ ಹೇಳಿ.

ಮಾಡಿ ನೋಡಿ: ಹುಣಸೆ ಬೀಜಗಳನ್ನು ನೆಲದ ಮೇಲೆ ಎರಡು ಸಾಲಾಗಿ ಜೋಡಿಸಿ. ಒಂದರಲ್ಲಿ 21, ಇನ್ನೊಂದರಲ್ಲಿ 30 ಇರಲಿ. ಇದೇ ಇನ್ಸುಲಿನ್‌ನ ಮಾದರಿ. ಭ್ರೂಣ ಕಳಿಸುವ ಹಾರ್ಮೋನಿನ ಮಾದರಿ ಮಾಡಲು ಇನ್ನೂ ಎಷ್ಟು ಬೀಜ ಬೇಕು? ಲೆಕ್ಕ ಹಾಕಿ.