ಮೀನುಗಾರರ ಮನೆಗಳಲ್ಲಿ ಸಹಕಾರ ಬಿತ್ತಿದ ಮೊನ್ಸಿಂಜೊರ್ ಕೋಡಿ

ಬಲೆಗೆ ಬೀಳುವ ಮೊದಲೇ ಮೀನು ವರ್ತಕನ ಪಾಲಾಗಿರುತ್ತಿತ್ತು. ಕೆನಡಾ ದೇಶದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತದಲ್ಲಿ 1920ರ ದಶಕದ ಸ್ಥಿತಿ ಅದು. ಬಲೆ, ಉಪ್ಪು, ಹಿಟ್ಟುಗಳನ್ನು ಸಾಲವಾಗಿ ಪಡೆದ ಮೀನುಗಾರನು ತಾನು ಹಿಡಿದುದನ್ನು ವರ್ತಕ ಹೇಳಿದ ಬೆಲೆಗೇ ಒಪ್ಪಿಸಬೇಕಿತ್ತು. ಯುವಜನರು ಊರು ತೊರೆದು ಅಮೆರಿಕದ ನಗರಗಳತ್ತ ಸಾಗುತ್ತಿದ್ದರು. ನಮ್ಮ ಕರಾವಳಿಯ ಹಿರಿಯರಿಗೆ ಈ ಚಿತ್ರ ಅಪರಿಚಿತವೆನಿಸದು.

ಮೋಸೆಸ್ ಮೈಕೇಲ್ ಕೋಡಿಯವರು 1882ರ ಜನವರಿ 3ರಂದು ಅದೇ ಪ್ರಾಂತದ ಮಾರ್ಗರಿ ಕಣಿವೆಯಲ್ಲಿ, ಐರಿಷ್ ಮೂಲದ ಕಥೊಲಿಕ ಕೃಷಿಕ ಕುಟುಂಬದಲ್ಲಿ ಜನಿಸಿದರು. ರೋಮಿನಲ್ಲಿ ವ್ಯಾಸಂಗ ಮಾಡಿ 1910ರಲ್ಲಿ ಗುರುದೀಕ್ಷೆ ಪಡೆದ ಅವರು, ಆಂಟಿಗೊನಿಷ್ ಪಟ್ಟಣದ ಸಂತ ಫ್ರಾನ್ಸಿಸ್ ಝೇವಿಯರ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು. ವಿಶ್ವವಿದ್ಯೆಯು ಬಡವರ ಮನೆಬಾಗಿಲಿಗೆ ಹೋಗಬೇಕೆಂದು ಬಹುಕಾಲದಿಂದ ಹಟ ಹಿಡಿದಿದ್ದವರು ಅವರ ಬಂಧು ವಂದನೀಯ ಜಿಮ್ಮಿ ಟಾಂಪ್ಕಿನ್ಸ್. ಟಾಂಪ್ಕಿನ್ಸ್ ಕುಳ್ಳು ದೇಹದವರು, ಕೋಡಿ ಆಜಾನುಬಾಹು; ಕಿಡಿ ಒಬ್ಬರದು, ಕಟ್ಟುವ ಕೈ ಇನ್ನೊಬ್ಬರದು. ವಿಶ್ವವಿದ್ಯಾನಿಲಯವು 1928ರಲ್ಲಿ ವಿಸ್ತರಣಾ ವಿಭಾಗವನ್ನು ಸ್ಥಾಪಿಸಲು ನಿರ್ಧರಿಸಿ ಕೋಡಿಯವರನ್ನು ಅದರ ನಿರ್ದೇಶಕರನ್ನಾಗಿ ನೇಮಿಸಿತು. 1930ರಲ್ಲಿ ಅವರ ಸಂಘಟನೆಯ ಫಲವಾಗಿ ಕರಾವಳಿ ಪ್ರಾಂತಗಳ ಮೀನುಗಾರರ ಒಕ್ಕೂಟ ಮೂಡಿಬಂದಿತು.

ಅವರ ವಿಧಾನ ಸರಳವಾಗಿತ್ತು. ಮೊದಲು ಊರಿನಲ್ಲಿ ಒಂದು ಬಹಿರಂಗ ಸಭೆ. ಅಲ್ಲಿ ಕೋಡಿಯವರು ಯಾವ ನೆರವಿನ ಭರವಸೆಯನ್ನೂ ನೀಡದೆ, ಜನರ ಬಡತನದಲ್ಲಿ ಅವರ ಸ್ವಂತ ಆಲಸ್ಯದ ಪಾಲೆಷ್ಟೆಂಬುದನ್ನು ನಿಷ್ಠುರವಾಗಿ ತಿಳಿಸುತ್ತಿದ್ದರು. ಬಳಿಕ ನೆರೆಹೊರೆಯ ಕೆಲವೇ ಮಂದಿ ಸೇರಿ ಒಂದು ಅಧ್ಯಯನ ಕೂಟ. ವಾರಕ್ಕೊಮ್ಮೆ ಯಾರದಾದರೂ ಅಡುಗೆಮನೆಯಲ್ಲಿ ದೀಪದ ಸುತ್ತ ಕುಳಿತು, ವಿಭಾಗವು ಕಳುಹಿಸಿದ ಕಿರುಹೊತ್ತಗೆಗಳನ್ನು ಓದಿ, ಮೀನಿನ ಬೆಲೆ ಎಲ್ಲಿ ಸೋರಿಹೋಗುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದರು. ಓದು ಬಾರದವರಿಗೆ ಬಲ್ಲವರು ಓದಿ ಹೇಳುತ್ತಿದ್ದರು. ಕೂಟದ ಮುಂದಾಳುವಿಗೆ ಸಂಬಳವಿರಲಿಲ್ಲ. 1930ರ ದಶಕದ ಕೊನೆಯ ವೇಳೆಗೆ ಇಂಥ ಕೂಟಗಳು 1,000ವನ್ನು ಮೀರಿದ್ದವು. ಸದಸ್ಯರು ಸುಮಾರು 10,000.

ಹಣ ಬಂದದ್ದು ಆಮೇಲೆ. ವಾರವಾರವೂ ಎದುರುಬದುರು ಕುಳಿತವರಿಗೆ ಯಾರು ಕೊಟ್ಟ ಮಾತು ಉಳಿಸಿಕೊಳ್ಳುವರೆಂಬುದು ತಿಳಿದಿತ್ತು. ಆ ತಿಳಿವಳಿಕೆಯೇ ಸಾಲಕ್ಕೆ ಜಾಮೀನಾಯಿತು. 1932ರಲ್ಲಿ ಪ್ರಾಂತದ ಶಾಸನಸಭೆಯು ಕಾನೂನು ಮಾಡಿದ ಬಳಿಕ ಉಳಿತಾಯ-ಸಾಲ ಸಂಘಗಳು ಊರೂರಿನಲ್ಲಿ ಎದ್ದವು. ಬಂಡೆಗಲ್ಲಿನ ಬಡ ಹಳ್ಳಿ ಲಿಟ್ಲ್ ಡೋವರ್‌ನ ಜನರು ತಾವೇ ದುಡಿದು, ಸಮುದ್ರದ ಸಿಗಡಿ ಜಾತಿಯ ಲಾಬ್‌ಸ್ಟರ್‌ಗಳನ್ನು ಡಬ್ಬಿಯಲ್ಲಿ ತುಂಬುವ ಸಹಕಾರಿ ಕಾರ್ಖಾನೆಯನ್ನು ನಿರ್ಮಿಸಿಕೊಂಡರು. ಮಹಿಳೆಯರ ಕೂಟಗಳಿಗೆ ಸಂತ ಮಾರ್ತಾ ಸಭೆಯ ಧರ್ಮಭಗಿನಿಯರು ಆಸರೆಯಾದರು. ಸಂಘಗಳ ಬಾಗಿಲು ಪ್ರೊಟೆಸ್ಟೆಂಟರಿಗೂ ತೆರೆದಿತ್ತು. ಅಂದಿನ ದಿನಗಳಲ್ಲಿ ಇದು ಸಣ್ಣ ಮಾತಲ್ಲ.

ಎಲ್ಲ ಕೂಟಗಳೂ ಬಾಳಲಿಲ್ಲ. ಎರಡನೆಯ ಮಹಾಯುದ್ಧ ಬಂದು ಹಲವರನ್ನು ಸೇನೆಗೂ ನಗರಗಳಿಗೂ ಸೆಳೆದಾಗ ಅನೇಕ ಅಡುಗೆಮನೆಗಳು ಬರಿದಾದವು. ಅಂಗಡಿ, ಕಾರ್ಖಾನೆಗಳ ವ್ಯವಹಾರ ಬೆಳೆದಷ್ಟೂ ಓದುವ ಕೂಟ ಹಿಂದೆ ಸರಿಯಿತು. ಆಂದೋಲನದ ನಿಜವಾದ ನಷ್ಟ ಅದೇ ಎಂದು ನಮಗೆ ತೋರುತ್ತದೆ.

ಕೋಡಿಯವರು 1952ರಲ್ಲಿ ನಿವೃತ್ತರಾಗಿ, 1959ರ ಜುಲೈ 28ರಂದು ದೈವಾಧೀನರಾದರು. ಅದೇ ವರ್ಷ ಅವರ ಹೆಸರಿನಲ್ಲಿ ಆಂಟಿಗೊನಿಷ್‌ನಲ್ಲಿ ಅಂತಾರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪನೆಗೊಂಡಿತು. ಭಾರತದ ಧರ್ಮಗುರುಗಳೂ ಧರ್ಮಭಗಿನಿಯರೂ ಗ್ರಾಮಸೇವೆಯ ಕಾರ್ಯಕರ್ತರೂ ಅಲ್ಲಿ ತರಬೇತಿ ಪಡೆದು ತಮ್ಮ ಹಳ್ಳಿಗಳಿಗೆ ಮರಳಿದ್ದಾರೆ.